ಮುನಿರಾಜಣ್ಣನ ರೈಲ್ವೆ ಗೇಟು

ಮೊನ್ನೆ ಶ್ರೀನಿವಾಸಪುರದ ನೆಂಟರೊಬ್ಬರು ಒಂದು ಪೆಟ್ಟಿಗೆ ಮಾವಿನಹಣ್ಣು ಕಳಿಸಿದ್ದರು. ಈಗೆಲ್ಲ ಪ್ಲಾಸ್ಟಿಕ್ ಕ್ರೇಟುಗಳ ಕಾಲ. ಇವರು ಎಲ್ಲಿಂದಲೋ ಹಳೆಯ ಮರದ ಪೆಟ್ಟಿಗೆ ಹುಡುಕಿ, ಹುಲ್ಲು ಹಾಸಿ, ಹಣ್ಣು ಜೋಡಿಸಿದ್ದರು. ಮುಚ್ಚಳದ ಮೊಳೆ ಕಿತ್ತಾಗ ಹಣ್ಣಿಗಿಂತ ಮೊದಲು ಮೂಗಿಗೆ ಬಂದದ್ದು ಆ ಅಗ್ಗದ ಹಲಗೆಯ ವಾಸನೆ. ಮನೆಯವರೆಲ್ಲ ಹಣ್ಣಿನ ಸುತ್ತ ಕೂತರು. ನಾನು ಮಾತ್ರ ಮುಚ್ಚಳ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದೆ. ಯಾಕೆಂದು ಅವರು ಕೇಳಲಿಲ್ಲ. ನಿಮಗೆ ಹೇಳುತ್ತೇನೆ.

ನನಗೆ ರೈಲಿನ ಹುಚ್ಚು. ಮಾಲೂರಿನಿಂದ ಬೆಂಗಳೂರಿನ ಕಚೇರಿಗೆ ದಿನವೂ ರೈಲಿನಲ್ಲೇ ಓಡಾಡುವವಳು ನಾನು. ಬೇರೆಯವರಿಗೆ ಅಷ್ಟರಲ್ಲೇ ರೈಲೆಂದರೆ ಸಾಕಾಗಿಹೋಗುತ್ತದೆ; ನನಗೆ ಆಗಲಿಲ್ಲ. ಪ್ಲಾಟ್‌ಫಾರಂನ ತುದಿಗೆ ಹೋಗಿ ನಿಂತು, ಬರುವ ಗಾಡಿಯ ಫೋಟೊ ತೆಗೆಯುವುದು ನನ್ನ ಚಟ. ಹಾಗೆ ಒಬ್ಬಳೇ ತುದಿಯಲ್ಲಿ ನಿಂತಿದ್ದವಳನ್ನು ಕಂಡು ಒಮ್ಮೆ ರೈಲ್ವೆ ಪೊಲೀಸರೊಬ್ಬರು ಹತ್ತಿರ ಬಂದು, ಮನೆಯಲ್ಲೇನಾದರೂ ಜಗಳವೇ ಎಂದು ಬಹಳ ಮೆದುವಾಗಿ ವಿಚಾರಿಸಿದ್ದರು. ಫೋನು ತೋರಿಸಿ, ಇಂಜಿನ್ನಿನ ಫೋಟೊ ಸಾರ್ ಎಂದೆ. ಜಗಳವೇ ವಾಸಿಯಿತ್ತು ಅನ್ನುವಂತೆ ನೋಡಿ ಹೊರಟುಹೋದರು.

ಇಂಥ ಹುಚ್ಚರದೇ ಒಂದು ವಾಟ್ಸಾಪ್ ಗುಂಪಿದೆ. ಕೆಲವರು ನಿಜವಾದ ರೈಲಿನ ಫೋಟೊ ಹಾಕುತ್ತಾರೆ, ಕೆಲವರು ತಾವೇ ಮನೆಯಲ್ಲಿ ಕಟ್ಟಿದ ಪುಟ್ಟ ರೈಲು, ಪುಟ್ಟ ಸ್ಟೇಷನ್ನುಗಳದ್ದು. ವಿದೇಶದಿಂದ ತರಿಸಿದ ಇಂಜಿನ್ನುಗಳು, ಕರೆಂಟಿನಲ್ಲಿ ಓಡುವ ಡಬ್ಬಿಗಳು, ಅಂಗೈಯಗಲದ ಸೇತುವೆಗಳು. ನಾಲ್ಕು ವರ್ಷದ ಹಿಂದೆ ಅಂಥ ವೈಭವದ ನಡುವೆ ಒಂದು ಫೋಟೊ ಬಂತು. ಮಣ್ಣಿನ ರಸ್ತೆ, ಅದನ್ನು ಅಡ್ಡ ಹಾಯುವ ರೈಲು ಹಳಿ, ಒಂದು ಗೇಟು, ಗೇಟಿನ ಪಕ್ಕ ಒಂದೇ ಕೋಣೆಯ ಮನೆ. ಮನೆಯ ಹಲಗೆ ಗೋಡೆಯ ಮೇಲೆ ಮಾವಿನ ಮಂಡಿಯ ಅರ್ಧ ಅಳಿಸಿದ ಮುದ್ರೆ ಹಾಗೇ ಕಾಣುತ್ತಿತ್ತು. ಗುಂಪಿನಲ್ಲಿ ಯಾರೂ ಮೆಚ್ಚಲಿಲ್ಲ. ಅಳತೆ ಸರಿಯಿಲ್ಲ ಅಂತ ಒಬ್ಬರು ಬರೆದರು, ಅಷ್ಟೆ. ನನಗೆ ಪಾಪ ಅನ್ನಿಸಿ, ಚೆನ್ನಾಗಿದೆ ಅಂತ ಬರೆದೆ. ಪಾಪ ಅನ್ನಿಸಿ ಬರೆದದ್ದು ಎನ್ನುವುದನ್ನು ಈಗ ಒಪ್ಪಿಕೊಳ್ಳಬೇಕು.

ಆ ಫೋಟೊ ಹಾಕಿದವರು ಮುಳಬಾಗಿಲಿನ ಟೈಲರ್ ಮುನಿರಾಜು. ಆವತ್ತು ಸಂಜೆಯೇ ಫೋನು ಮಾಡಿದರು. ಅವರ ತಂದೆ ಕೋಲಾರ ಮತ್ತು ಶ್ರೀನಿವಾಸಪುರದ ನಡುವೆ ಒಂದು ಗೇಟು ಕಾಯುತ್ತಿದ್ದವರಂತೆ. ಆಗ ಅದು ಕಿರಿದಾದ ಹಳಿಯ ಲೈನು, ಅದರ ಮೇಲೆ ಓಡುತ್ತಿದ್ದುದು ಚಿಕ್ಕ ಗಾಡಿ. ಮುನಿರಾಜು ಹುಟ್ಟಿದ್ದೇ ಆ ಗೇಟಿನ ಮನೆಯಲ್ಲಿ. ತಂದೆಗೆ ಚಳಿಜ್ವರ ಬಂದ ದಿನಗಳಲ್ಲಿ ತಾಯಿಯೇ ಗೇಟು ಹಾಕಿ, ಬಾವುಟ ಹಿಡಿದು ನಿಲ್ಲುತ್ತಿದ್ದರು. ಮುಂದೆ ಹಳಿ ಅಗಲ ಮಾಡುವಾಗ ಗೇಟೂ ಹೋಯಿತು, ಮನೆಯೂ ಹೋಯಿತು. ಮನೆಯ ಫೋಟೊ ಯಾರ ಹತ್ತಿರವೂ ಇಲ್ಲ. ತಾಯಿಯದೂ ಇಲ್ಲ. ಈಗ ರೈಲೇ ಇಲ್ಲದ ಮುಳಬಾಗಿಲಿನಲ್ಲಿ ಕೂತು, ಮಾವಿನ ಪೆಟ್ಟಿಗೆಯ ಹಲಗೆಯಲ್ಲಿ ಅದನ್ನೆಲ್ಲ ಮತ್ತೆ ಕಟ್ಟುತ್ತಿದ್ದರು.

ಅಲ್ಲಿಂದ ಶುರುವಾಯಿತು ನಮ್ಮ ಕೊಡುಕೊಳ್ಳುವಿಕೆ. ಗೇಟಿನ ಕಂಬಕ್ಕೆ ಬಿಳಿ ಬಣ್ಣ ಎಲ್ಲಿಯವರೆಗೆ ಹೊಡೆಯುತ್ತಾರೆ, ಹಳಿಯ ಕೆಳಗಿನ ಜಲ್ಲಿ ಯಾವ ಬಣ್ಣಕ್ಕೆ ತಿರುಗುತ್ತದೆ, ಸಿಗ್ನಲ್ ಕಂಬದ ಏಣಿ ಯಾವ ಕಡೆಗಿರುತ್ತದೆ ಎಂದು ಅವರು ಕೇಳುವರು. ನಾನು ಮಾಲೂರಿನಲ್ಲೋ ಟೇಕಲ್ಲಿನಲ್ಲೋ ಇಳಿದು ಫೋಟೊ ತೆಗೆದು ಕಳಿಸುವೆ. ನಾಲ್ಕು ದಿನದ ಮೇಲೆ ಆ ಜಲ್ಲಿ, ಆ ಏಣಿ ಅವರ ಫೋಟೊದಲ್ಲಿ ಮೂಡಿರುತ್ತಿತ್ತು. ಛತ್ರಿಯ ಕಡ್ಡಿಗಳೇ ಹಳಿ. ಹಸಿರು ದಾರದ ಚೂರುಗಳೇ ಪೊದೆ. ಕಚೇರಿಯಲ್ಲಿ ನನ್ನ ಕೆಲಸಕ್ಕೆ ಇಂಥ ಫಲ ಕಂಡದ್ದು ನೆನಪಿಲ್ಲ.

ಎರಡನೆಯ ವರ್ಷ ಅವರ ಕೋರಿಕೆ ಬದಲಾಯಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕೋಲಾರದ ಡಾಕ್ಟರು ತಡವಾಯಿತು ಎಂದರಂತೆ. ಅದನ್ನು ಅವರು ಬಟ್ಟೆಯ ಅಳತೆ ಹೇಳುವಷ್ಟೇ ಸಾಧಾರಣವಾಗಿ ಹೇಳಿ ಮುಗಿಸಿ, "ಫೋಟೊ ಕಳಿಸೋದು ನಿಲ್ಲಿಸ್ಬೇಡಿ ಮೇಡಂ. ಅದ್ರಲ್ಲಿ ಏನೈತೆ ಅಂತ ಬಾಯಲ್ಲೂ ಒಂದ್ಮಾತು ಹೇಳಿ, ಸಾಕು," ಎಂದರು.

ಸುಲಭ ಅಂದುಕೊಂಡೆ. ಮೊದಲನೆಯ ಫೋಟೊ ಮುಂದಿಟ್ಟುಕೊಂಡು, ರೈಲು ಬರುತ್ತಿದೆ ಅಂದವಳು ಮುಂದೆ ಏನು ಹೇಳಬೇಕೆಂದು ತೋಚದೆ ನಿಂತುಬಿಟ್ಟೆ. ಸಾವಿರಾರು ಫೋಟೊ ತೆಗೆದಿದ್ದೆ, ಒಂದನ್ನೂ ಸರಿಯಾಗಿ ನೋಡಿರಲಿಲ್ಲ. ಆಮೇಲೆ ಕಲಿತೆ. ಮೂರನೇ ಕಿಟಕಿಯಲ್ಲಿ ಒಬ್ಬ ಅಜ್ಜಿ ಕೈ ಹೊರಗಿಟ್ಟಿದ್ದಾಳೆ, ಹಳಿಯ ಪಕ್ಕ ರಾಗಿ ತೆನೆ ಬಾಗಿದೆ, ಹೀಗೆ. ಅವರು ಆ ಕಡೆಯಿಂದ ಹೂಂ ಅನ್ನುತ್ತಿದ್ದರು. ಸುಳ್ಳು ಸೇರಿಸಿದರೆ ಹೇಗೋ ಗೊತ್ತಾಗಿಬಿಡುತ್ತಿತ್ತು, ಆ ಹೂಂ ನಿಲ್ಲುತ್ತಿತ್ತು.

ಒಂದು ಭಾನುವಾರ ಮನೆಗೆ ಬರಲೇಬೇಕೆಂದು ಕರೆದರು. ಕೋಲಾರದಲ್ಲಿ ಬಸ್ಸು ಬದಲಿಸಿ ಹೋದೆ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ರತ್ನಮ್ಮ ಬಾಗಿಲು ತೆರೆದರು. ಕನ್ನಡ ತೆಲುಗು ಎರಡನ್ನೂ ಬೆರೆಸಿ ಮಾತಾಡುವ, ಕಡಿಮೆ ಮಾತಿನ ಹೆಂಗಸು. ಫೋಟೊದಲ್ಲಿ ಒಂದು ಸೀಮೆಯಷ್ಟು ದೊಡ್ಡದಾಗಿ ಕಾಣುತ್ತಿದ್ದದ್ದು ಬಟ್ಟೆ ಕತ್ತರಿಸುವ ಮೇಜಿನ ಅರ್ಧದಲ್ಲಿ ಮುಗಿದುಹೋಗಿತ್ತು. ಮೂರು ಡಬ್ಬಿಯ ಚಿಕ್ಕ ಗಾಡಿ. ಅದು ತಾನಾಗಿ ಓಡುವುದಿಲ್ಲ, ಕೈಯಲ್ಲಿ ತಳ್ಳಬೇಕು.

ಮುನಿರಾಜಣ್ಣ ಅಷ್ಟು ಹೊತ್ತಿಗೆ ಪೂರ್ತಿ ಕತ್ತಲಲ್ಲಿದ್ದರು. ಮೇಜಿನ ಅಂಚು ಹಿಡಿದು, ಬೆರಳುಗಳಿಂದ ಹಳಿ, ರಸ್ತೆ, ಮನೆಯ ಸೂರು ಎಲ್ಲವನ್ನೂ ಸವರಿ ತೋರಿಸುತ್ತ ಬಂದರು. ಗೇಟಿನ ಹತ್ತಿರ ಬಂದಾಗ ಕೈ ಒಂದಿಷ್ಟು ಜೋರಾಗಿ ತಾಗಿತು. ಅಡ್ಡಗಂಬ ಲಟಕ್ಕೆಂದು ಮುರಿಯಿತು. ಅವರು ಮುರಿದ ತುಂಡನ್ನು ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಕೇಳಿದರು:

"ಅಮ್ಮ ನಿಂತವ್ರಾ ಮೇಡಂ?"

ಗೇಟಿನ ಮನೆಯ ಮುಂದೆ ಬೆರಳುದ್ದದ ಹೆಂಗಸೊಬ್ಬಳು ಬಾವುಟ ಹಿಡಿದು ನಿಂತಿದ್ದಳು. ನಿಂತಿದ್ದಾರೆ ಎಂದೆ.

"ಬಾವುಟ ಹಸಿರು, ಸೀರೆ ನೀಲಿ. ಅಮ್ಮನ ಹತ್ರ ಇದ್ದಿದ್ದು ಅದೊಂದೇ ಒಳ್ಳೆ ಸೀರೆ. ಕಣ್ಣು ಮಂಜಾಗೋ ಹೊತ್ನಲ್ಲಿ ಬಣ್ಣ ಹಚ್ದೆ. ನೀಲಿನೇ ಬಂದೈತೆ ತಾನೆ?"

ಬಾವುಟಕ್ಕೂ ಸೀರೆಗೂ ಒಂದೇ ಬಣ್ಣವಿತ್ತು. ಎರಡೂ ಹಸಿರು. ನಾನು ಬಗ್ಗಿ ಇನ್ನೊಮ್ಮೆ ನೋಡಿದೆ. ಜೇಬಿನ ಮೇಲೆ ಉಬ್ಬಿ ಕಾಣುತ್ತಿದ್ದ ಆ ತುಂಡನ್ನೂ ನೋಡಿದೆ.

"ನೀಲಿನೇ ಇದೆ ಮುನಿರಾಜಣ್ಣ," ಎಂದೆ.

ಅವರು ಹೂಂ ಅನ್ನಲಿಲ್ಲ. ಕಾಫಿ ಕೊಡು ಅಂತ ಹೆಂಡತಿಗೆ ಹೇಳಿದರು.

ಬಸ್ ಸ್ಟ್ಯಾಂಡಿನ ದಾರಿ ತೋರಿಸಲು ರತ್ನಮ್ಮ ಬೀದಿಯ ತಿರುವಿನವರೆಗೆ ಬಂದರು. ನನ್ನ ಮುಖ ನೋಡದೆ ಹೇಳಿದರು: "ನಾನೂ ನೀಲಿ ಅಂತಾನೇ ಹೇಳಿದ್ದೆ. ನಂಬ್ಲಿಲ್ಲ. ಮೇಡಂ ಆದ್ರೆ ಇದ್ದಿದ್ದು ಇದ್ದಂಗೆ ಹೇಳ್ತಾರೆ ಅಂತ ನಿಮ್ಮನ್ನ ಕರ್ಸಿದ್ರು."

ಆ ಬಸ್ಸಿನಲ್ಲಿ ಕೋಲಾರದವರೆಗೆ ಹೇಗೆ ಬಂದೆನೋ ತಿಳಿಯದು. ಫೋನು ಮಾಡಿ ನಿಜ ಹೇಳಿಬಿಡಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಹೇಳಿ ಏನಾಗಬೇಕು, ಅವರು ಮತ್ತೆ ಬಣ್ಣ ಹಚ್ಚುವಂತಿಲ್ಲವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಫೋಟೊ ಕಳಿಸುತ್ತಲೇ ಇದ್ದೆ, ವಿವರಿಸುತ್ತಲೂ ಇದ್ದೆ. ಅವರು ಸೌಜನ್ಯದಿಂದ ಕೇಳುತ್ತಿದ್ದರು. ಆದರೆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದರು. ಐದು ತಿಂಗಳಿಗೆ ಮೂತ್ರಪಿಂಡವೂ ಕೈಕೊಟ್ಟು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಆ ಮನೆಯ ಕಡೆ ತಲೆಹಾಕಲಿಲ್ಲ.

ಮೊನ್ನೆ ಆ ಹಲಗೆಯ ವಾಸನೆ ಬಂದ ಮರುದಿನ ಒಂದು ಸಣ್ಣ ಡಬ್ಬಿ ನೀಲಿ ಬಣ್ಣ, ಒಂದು ಬ್ರಷ್ಷು ಕೊಂಡು ಮುಳಬಾಗಿಲಿಗೆ ಹೋದೆ. ಮೇಜು ಹಾಗೇ ಇತ್ತು, ಮೇಲೆ ಹಳೆಯ ಪಂಚೆ ಹೊದಿಸಿದ್ದರು. ನಾನು ಚೀಲದಿಂದ ಡಬ್ಬಿ ತೆಗೆದಾಗ ರತ್ನಮ್ಮನಿಗೆ ಹೇಳದೆಯೇ ಅರ್ಥವಾಯಿತು.

"ಬೇಡಮ್ಮ. ಅದು ಅವ್ರು ಹಚ್ಚಿದ್ದು, ಹಂಗೇ ಇರ್ಲಿ. ಪೋನೀಲೇ, ಬಿಡಿ," ಎಂದರು. ನಾನು ಡಬ್ಬಿ ಒಳಗಿಟ್ಟೆ. ಆಮೇಲೆ ಅವರು, ತಾನು ಮದುವೆಯಾಗಿ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ, ಆ ಜಾಗವನ್ನೂ ನೋಡಿಲ್ಲ, ಒಂದು ಸಲ ರೈಲಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೀರಾ ಎಂದು ಕೇಳಿದರು.

ನಿನ್ನೆ ಇಬ್ಬರೂ ಕೋಲಾರದಲ್ಲಿ ಗಾಡಿ ಹತ್ತಿದೆವು. ಅವರನ್ನು ಕಿಟಕಿಯ ಪಕ್ಕ ಕೂರಿಸಿದೆ. ಊರು ದಾಟಿದ ಮೇಲೆ ಹಿಪ್ಪುನೇರಳೆ ತೋಟ, ಟೊಮೆಟೊ ಹೊಲ, ಆಮೇಲೆ ಮಾವು. ಗೇಟುಗಳಿದ್ದ ಕಡೆಯೆಲ್ಲ ಈಗ ಹಳಿಯ ಕೆಳಗೆ ರಸ್ತೆ ತೋಡಿದ್ದಾರೆ. ಒಂದು ಹುಣಸೆಮರ ಹಿಂದೆ ಸರಿಯಿತು, ಅದರ ಪಕ್ಕ ಒಂದಿಷ್ಟು ಒಡೆದ ಕಲ್ಲು.

"ಇಲ್ಲೇನಾ?" ಎಂದರು ರತ್ನಮ್ಮ.

ಹೌದೆಂದರೆ ಅವರು ಕೈಮುಗಿಯುತ್ತಿದ್ದರು. ಬಾಯಿಯವರೆಗೆ ಬಂದಿತ್ತು.

"ನನಗೆ ಗೊತ್ತಿಲ್ಲ ರತ್ನಮ್ಮ. ಎಲ್ಲಿತ್ತೋ ನಾನೂ ನೋಡಿಲ್ಲ."

ಅವರು ನನ್ನತ್ತ ತಿರುಗಿ, ಇಷ್ಟು ದಿನದಲ್ಲಿ ಮೊದಲ ಸಲ ನೆಟ್ಟಗೆ ಮುಖ ನೋಡಿದರು. ಆಮೇಲೆ ಸೆರಗು ಎಳೆದುಕೊಂಡು ಒಂದಿಷ್ಟು ಜರುಗಿ, ಕಿಟಕಿಯ ಹತ್ತಿರ ನನಗೂ ಜಾಗ ಮಾಡಿದರು. ಶ್ರೀನಿವಾಸಪುರ ಬರುವವರೆಗೆ ಇಬ್ಬರೂ ಎದುರಾದ ಜಾಗವನ್ನೆಲ್ಲ ಒಂದೂ ಬಿಡದೆ ನೋಡುತ್ತ ಹೋದೆವು.