ಅತ್ತೆಯ ಹೆಸರು ಕೂಗಿದ್ದು

ಜೋಳದ ರೊಟ್ಟಿ ಬಡಿಯುತ್ತಿದ್ದೆ. ಒಂದು ಹಂಚಿನ ಮೇಲಿತ್ತು, ಅಷ್ಟರಲ್ಲಿ ಬಳ್ಳಾರಿ ಆಸ್ಪತ್ರೆಯಿಂದ ಮಗಳ ಫೋನು. ಕೈತುಂಬ ಹಿಟ್ಟು, ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ. ತಿಂಗಳು ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದ ಮೊಮ್ಮಗಳನ್ನು ಡಾಕ್ಟರು ಈಗಷ್ಟೇ ಅವಳ ಮಡಿಲಿಗೆ ಕೊಟ್ಟರಂತೆ. ಹಿಂದಿನ ಕೂಸು ಮಡಿಲಿನವರೆಗೂ ಬಂದಿರಲಿಲ್ಲ. ಶಿವನೇ, ಇಷ್ಟಾದರೂ ಕೊಟ್ಟೆಯಲ್ಲ ಅಂದುಕೊಂಡೆ. ರೊಟ್ಟಿ ಸೀದಿತು. ಸೀಯಲಿ.

ಆದರೆ ಮಗಳ ದನಿಯಲ್ಲಿ ಹೆದರಿಕೆ ಉಳಿದಿತ್ತು. ಅಳಿಯ ಬಟ್ಟೆ ತರಲು ಕುರುಗೋಡಿಗೆ ಹೋಗಿದ್ದ, ಒಬ್ಬಳೇ ಇದ್ದಳು.

"ಅವ್ವಾ, ಇದಕ್ಕ ಅಜ್ಜಿ ಹೆಸರ ಇಡ್ತೀನಿ. ನೀ ಈಗ್ಲೇ ಕರಿ."

ಅಜ್ಜಿಯೆಂದರೆ ನನ್ನ ಅತ್ತೆ, ಕರೂರಿನ ಹೆಣ್ಣುಮಗಳು. ಹೆಸರು ತಿಪ್ಪಮ್ಮ. ಮುಂಚೆ ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಇವರನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರಂತೆ. ಪಕ್ಕದ ಮನೆಯಾಕೆ ಎತ್ತಿಕೊಂಡು ಹೆಸರಿಟ್ಟು ಕರೆದಳು, ತಾಯಿ ಸೇರು ಭತ್ತ ಕೊಟ್ಟು ಮರಳಿ ಕೊಂಡಳು. ತಿಪ್ಪೆಗೆ ಹಾಕಿದ್ದು ಸಾವಿಗೂ ಬೇಡ ಅನ್ನುವ ಲೆಕ್ಕ. ಎಂಬತ್ತು ದಾಟಿದರೂ ಕಟಕಟ ಕಡಲೆ ತಿನ್ನುತ್ತಾರೆ. ಹೆಸರು ತನ್ನ ಕೆಲಸ ಮಾಡಿದೆ.

ಇಂಥ ಹೆಸರನ್ನು ಹೆತ್ತವಳು ಮೊದಲು ಕರೆಯುವಂತಿಲ್ಲ. ನಾನೋ ಸೊಸೆ, ಅತ್ತೆಯ ಹೆಸರು ಬಾಯಲ್ಲಿ ತರುವಂತಿಲ್ಲ. ಒಮ್ಮೆ ಬ್ಯಾಂಕಿನಲ್ಲಿ ಕೇಳಿದಾಗ, ಕಸ ಚೆಲ್ಲುವ ಜಾಗಕ್ಕೆ ಅಮ್ಮ ಸೇರಿಸಿಕೊಳ್ಳಿ ಅಂದಿದ್ದೆ. ಗುಮಾಸ್ತೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ದಳು.

ಈಗಲೂ ಕಂದಾ, ಪುಟ್ಟೀ ಎಂದು ತಡವರಿಸಿದೆ. ಒಳಗೆ ಮಂಚದ ಮೇಲಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು.

"ಲೇ, ನನ್ನ ಮರ್ಯಾದಿ ಏನೂ ಸವೆಯಂಗಿಲ್ಲ. ಜೋರಾಗಿ ಕರಿ, ಸಾವಿಗೂ ಕೇಳ್ಲಿ."

ಹಿಟ್ಟಿನ ಕೈಯಲ್ಲೇ ಗಲ್ಲ ಬಡಿದುಕೊಂಡು, ದೇವರ ಜಗಲಿಯ ಕಡೆ ನೋಡಿ ಕೂಗಿಬಿಟ್ಟೆ.

"ತಿಪ್ಪಮ್ಮಾ."

ಒಳಗಿನಿಂದ ಅತ್ತೆ ರೂಢಿಯಂತೆ "ಓ" ಅಂದರು. ಫೋನಿನಲ್ಲಿ ಕೂಸು ಬೆಚ್ಚಿ ಅಳತೊಡಗಿತು, ಗಂಟಲು ತುಂಬ. ಇಷ್ಟು ದಿನ ಗಾಜಿನ ಆಚೆಯಿಂದ ಅದರ ಅಳು ನಮಗಾರಿಗೂ ಕೇಳಿಸಿರಲಿಲ್ಲ. ಮಗಳು ನಕ್ಕಳು.

"ಅಜ್ಜೀ, ನೀನ ಓ ಅಂದಬಿಟ್ರ ಇದು ಏನ್ ಅನ್ನಬೇಕು?"

ಅದನ್ನು ಬಿಟ್ಟು ಅತ್ತೆ ನನ್ನನ್ನು ಹಿಡಿದರು. "ಇನ್ನ ಆ ಕೂಸನ್ನ ಬೈಯಾಕ ನಿನಗ ಬಾಯಿಲ್ಲ, ತಿಳೀತಾ?"

ತಿಳಿಯಿತು ಅಂದೆ. ಸೀದ ರೊಟ್ಟಿಯನ್ನು ಆಕಳಿಗೆ ಎತ್ತಿಟ್ಟು, ಒಣಗಿದ ಹಿಟ್ಟಿಗೆ ಬಿಸಿನೀರು ಚಿಮುಕಿಸಿ ಮತ್ತೆ ನಾದತೊಡಗಿದೆ.