ಆರಿಸಿಟ್ಟ ಶೀಶೆಗಳು

ಐವತ್ತರ ದಶಕದ ಕೊನೆಯಲ್ಲಿ ನಾನು ವಿಕ್ರೋಳಿಯ ಒಂದು ಕೇಶತೈಲದ ಕಾರ್ಖಾನೆಯಲ್ಲಿ ಇಂಜಿನಿಯರನಾಗಿದ್ದೆ. ಶೀಶೆಗೆ ಎಣ್ಣೆ ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸುವವರೆಗೆ ಎಲ್ಲವನ್ನೂ ತಾನೇ ಮಾಡುವ ಯಂತ್ರಗಳ ಸಾಲೊಂದನ್ನು ಮಾಲೀಕರಾದ ಶೇಠರು ಜರ್ಮನಿಯಿಂದ ತರಿಸಿದ್ದರು. ಅದನ್ನು ಸುಸೂತ್ರವಾಗಿ ಚಾಲೂ ಮಾಡಿಕೊಡುವ ಹೊಣೆ ನನ್ನದು.

ಯಂತ್ರ ಕೇಳುತ್ತಿದ್ದುದು ಒಂದೇ: ಶೀಶೆಗಳೆಲ್ಲ ಒಂದೇ ಎತ್ತರ ಇರಬೇಕು. ನಮ್ಮ ಶೀಶೆಗಳು ಒಂದರ ಹಾಗೆ ಇನ್ನೊಂದಿರಲಿಲ್ಲ. ಕೈಯಿಂದ ಎಣ್ಣೆ ತುಂಬುತ್ತಿದ್ದ ಹೆಂಗಸರಿಗೆ ಅದೊಂದು ತೊಂದರೆಯೇ ಅಲ್ಲ. ಯಂತ್ರ ಮಾತ್ರ ಉದ್ದನೆಯವುಗಳ ಕುತ್ತಿಗೆ ಮುರಿಯುತ್ತಿತ್ತು, ಗಿಡ್ಡವುಗಳ ಪಾಲಿನ ಎಣ್ಣೆಯನ್ನು ನೆಲಕ್ಕೆ ಸುರಿಯುತ್ತಿತ್ತು.

"ಉದ್ಘಾಟನಾ ಮುಂದಕ್ಕ ಹಾಕ್ರಿ. ಮೊದ್ಲ ಶೀಶೆಗೆ ಹೊಸ ಅಚ್ಚು ಮಾಡಸ್ರಿ" ಎಂದು ಮ್ಯಾನೇಜರಿಗೆ ಹೇಳಿದೆ. ಅವರು ಉಡುಪಿ ಕಡೆಯವರು.

"ಎಂತ ಮಾರಾಯ್ರೆ! ಶೇಠರು ಮುಹೂರ್ತ ಇಟ್ಟಾಗಿದೆ, ಕಾರ್ಡು ಹಂಚಿ ಆಗಿದೆ. ನೀವು ಮಶೀನ್ ನೋಡಿ ಸಾಕು."

ಮಶೀನ್ ನೋಡಲು ಬಿಟ್ಟರೆ ತಾನೇ? ಓಡಿಸಿ ನೋಡೋಣವೆಂದು ಹೋದರೆ ಒಂದು ದಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಮರುದಿನ ಪೆಂಡಾಲಿನವರು ನನ್ನ ಯಂತ್ರದ ಕರೆಂಟಿನ ತಂತಿ ಕಳಚಿ ಬಣ್ಣದ ದೀಪಗಳಿಗೆ ಜೋಡಿಸಿಕೊಂಡಿದ್ದರು. ವಡಾಲದ ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೂ ರೇಗುತ್ತಿದ್ದೆ. "ಫ್ಯಾಕ್ಟರಿ ಸಿಟ್ಟು ಫ್ಯಾಕ್ಟರ್ಯಾಗ ಬಿಟ್ಟು ಬರ್ರಿ" ಎಂದು ಅವಳೂ ರೇಗಿದಳು.

ಉದ್ಘಾಟನೆಯ ಹಿಂದಿನ ದಿನ ಮ್ಯಾನೇಜರು ಕೈಯಿಂದ ಎಣ್ಣೆ ತುಂಬುವ ಆ ಹೆಂಗಸರನ್ನೇ ಕೂರಿಸಿ, ಸರಿಯಾದ ಎತ್ತರದ ಶೀಶೆಗಳನ್ನಷ್ಟೇ ಆರಿಸಿ ತೆಗೆಸಿದರು.

"ಇದು ನಾಟಕ ಆತಲ್ರಿ" ಎಂದೆ.

"ಹೌದು, ಮತ್ತೆಂತ? ಜನ ನೋಡಿ, ಚಹಾ ಕುಡಿದು ಹೋಗ್ತಾರೆ."

ಮರುದಿನ ಯಂತ್ರ ಆ ಶೀಶೆಗಳಲ್ಲಿ ಒಂದನ್ನೂ ಮುರಿಯಲಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು. ಶೇಠರು ಖುಷಿಯಲ್ಲಿ ಮ್ಯಾನೇಜರ ಬೆನ್ನು ಚಪ್ಪರಿಸಿ, "ಸೋಮ್‌ವಾರ್ ಸೇ ಸಬ್ ಬಾಯಿ ಲೋಗ್ ಕೋ ಛುಟ್ಟಿ" ಎಂದರು. ಸೋಮವಾರದಿಂದ ಹೆಂಗಸರಿಗೆಲ್ಲ ಕೆಲಸವಿಲ್ಲ ಎಂದರ್ಥ. ಶೀಶೆ ಆರಿಸಿದ್ದ ಹೆಂಗಸರು ಹಬ್ಬದ ಸೀರೆ ಉಟ್ಟು ಅಲ್ಲೇ ಹಿಂದೆ ನಿಂತಿದ್ದರು. ಚಪ್ಪಾಳೆ ತಟ್ಟುತ್ತಿದ್ದ ಅವರ ಕೈಗಳು ನಿಂತವು.

ನನಗೆ ತಡೆಯಲಾಗಲಿಲ್ಲ. ಇವು ಆರಿಸಿಟ್ಟ ಶೀಶೆಗಳು, ಗೋಡೌನಿನವು ಇದರಲ್ಲಿ ಓಡುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ. ಮ್ಯಾನೇಜರು ನನ್ನ ಕಾಲು ತುಳಿದರು. ಶೇಠರು ನಂಬಲಿಲ್ಲ, ಗೋಡೌನಿನಿಂದ ಒಂದು ಪೆಟ್ಟಿಗೆ ತರಿಸಿದರು. ಮೊದಲ ಕೆಲವು ಶೀಶೆಗಳಲ್ಲೇ ಒಂದರ ಕುತ್ತಿಗೆ ಹೋಯಿತು. ಎಣ್ಣೆ ಹರಿದು ಅತಿಥಿಗಳು ಹಿಂದೆ ಸರಿದರು.

"ಬಾಯಿ ಮುಚ್ಚಿ ನಿಲ್ಲಿಕ್ಕೆ ನಿಮಗೆ ಎಂತ ಆಗಿತ್ತು?" ಎಂದು ಮ್ಯಾನೇಜರು ಆಮೇಲೆ ಕೂಗಾಡಿದರು. "ಬಾಯಿ ಬಿಟ್ಟು ಹೇಳಿದಾಗ ನೀವು ಕೇಳಿದ್ರೇನು?" ಎಂದು ನಾನೂ ಕೂಗಿದೆ.

ಹೊಸ ಅಚ್ಚಿನ ಶೀಶೆ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಅಲ್ಲಿಯವರೆಗೆ ಯಂತ್ರಕ್ಕೆ ಶೀಶೆ ಆರಿಸಿಕೊಡಲು ಮೊದಲಿಗಿಂತ ಹೆಚ್ಚು ಹೆಂಗಸರು ಬೇಕಾದರು. ಶೇಠರು ಬಂದಾಗಲೆಲ್ಲ ಅವರ ಸಾಲನ್ನು ನೋಡಿ, "ಯೇ ಆಟೋಮ್ಯಾಟಿಕ್ ಹೈ ನಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ. ಹೊಸ ಶೀಶೆ ಬಂದ ಮೇಲೆ ಆ ಹೆಂಗಸರಲ್ಲಿ ಅರ್ಧ ಜನರನ್ನು ಪ್ಯಾಕಿಂಗಿಗೆ ಹಾಕಿದರು, ಉಳಿದವರನ್ನು ಕೆಲಸದಿಂದ ಬಿಡಿಸಿದರು. ಯಂತ್ರ ಚೆನ್ನಾಗಿಯೇ ಓಡಿತು. ಅದನ್ನು ನಿಂತು ನೋಡುವ ಮನಸ್ಸು ಮಾತ್ರ ನನಗೆ ಉಳಿದಿರಲಿಲ್ಲ.