ನಾಯಿಗೆ ‘ರಿ’ ಹಚ್ಚಿದ್ದು

ರಾಯದುರ್ಗದಲ್ಲಿ ನನ್ನದು ಜೀನ್ಸ್ ಹೊಲಿಯುವ ಶೆಡ್ಡು. ಎಂಟು ಮಿಷನ್ನು. ಏಳನೇ ಕ್ಲಾಸಿಗೆ ಶಾಲೆಗೆ ಕೈ ಮುಗಿದು ಕತ್ತರಿ ಹಿಡಿದವನು, ಇವತ್ತಿನವರೆಗೂ ಕೆಳಗಿಟ್ಟಿಲ್ಲ. ಜೀನ್ಸ್ ಬಟ್ಟೆಯ ಗಂಜಿ ಹೆಗ್ಗಣಕ್ಕೆ ಬಲು ರುಚಿ. ಕತ್ತರಿಸಿಟ್ಟ ಪ್ಯಾಂಟಿನ ಗಂಟಿನಲ್ಲಿ ಹುಡುಕಿಕೊಂಡು ಹೋಗಿ ಮೊಣಕಾಲಿನ ಹತ್ತಿರವೇ ಹಲ್ಲು ಹಾಕುತ್ತದೆ. ಹರಿದ ಪ್ಯಾಂಟಿಗೇ ಈಗ ಗಿರಾಕಿ ಜಾಸ್ತಿ ಅಂತ ಕೆಲಸದವರು ನಗಾಡಿದರು. ನಗಲಿ. ಆದರೆ ಹೆಗ್ಗಣ ಎರಡೂ ಮೊಣಕಾಲನ್ನು ಒಂದೇ ಅಳತೆಗೆ ಹರಿಯುವುದಿಲ್ಲ. ಅದಕ್ಕೇ ನನಗೊಂದು ನಾಯಿ ಬೇಕಾಗಿತ್ತು.

ಸಿಕ್ಕಿತು. ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ನೌಕರಿಯವರೊಬ್ಬರು ವರ್ಗವಾಗಿ ಹೋಗುವಾಗ ಗೋಡೆಯ ಮೊಳೆ ಸಮೇತ ಕಿತ್ತುಕೊಂಡು, ನಾಯಿಯನ್ನು ಮಾತ್ರ ಬಿಟ್ಟು ಹೋದರು. ಮಗುವಿನ ಹಾಗೆ ಸಾಕಿದ್ದೇವೆ ಅಂತ ಊರಿಗೆಲ್ಲ ಹೇಳುತ್ತಿದ್ದವರು. ಅದು ಆರು ತಿಂಗಳು ಬಸ್ ಸ್ಟ್ಯಾಂಡ್ ಕಡೆ ಬಿದ್ದುಕೊಂಡಿದ್ದು, ಆಟೋ ತಾಗಿ, ಕುಂಟುತ್ತ ಬಂದು ನಮ್ಮ ಶೆಡ್ಡಿನ ಮುಂದೆ ಮಲಗಿತು. ಗಿಡ್ಡ ಕಾಲು, ಗಡ್ಡ, ಒಂದು ಕಿವಿ ನಿಂತದ್ದು, ಒಂದು ಬಿದ್ದದ್ದು. ದನದ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿ, “ಟೆರಿಯರ್ ಕ್ರಾಸ್ ಇದು, ಇಲಿ ಹಿಡಿಯೋ ಜಾತಿ,” ಅಂದರು. ಕ್ರಾಸ್ ಅನ್ನುವುದು ನನಗೆ ಬಟ್ಟೆಯಲ್ಲಿ ಗೊತ್ತು. ಕ್ರಾಸ್ ಕತ್ತರಿಸಿದ ಬಟ್ಟೆ ಎಳೆದ ಕಡೆ ಜಗ್ಗಿ ಬರುತ್ತದೆ. ಇದು ಎಳೆದರೂ ಬರಲಿಲ್ಲ, ಕರೆದರೂ ಬರಲಿಲ್ಲ.

ಬೇಟೆ ಕಲಿಸುವುದು ಕಷ್ಟವಾಗಲಿಲ್ಲ. ಸತ್ತ ಹೆಗ್ಗಣಕ್ಕೆ ದಾರ ಕಟ್ಟಿ ದಿನಾ ಬೆಳಿಗ್ಗೆ ಅದರ ಮುಂದೆ ಎಳೆದಾಡಿಸಿದೆ. ಮೊದಲ ದಿನ ಹೆದರಿ ಮಿಷನ್ನಿನ ಕೆಳಗೆ ಸೇರಿತು. ಹತ್ತನೇ ದಿನ ಜೀವಂತ ಹೆಗ್ಗಣದ ಕತ್ತು ಹಿಡಿದು ಎರಡು ಸಲ ಝಾಡಿಸಿ ನನ್ನ ಕಾಲ ಹತ್ತಿರ ಇಟ್ಟಿತು. ತೊಂದರೆ ಇದ್ದದ್ದು ವಾಪಸ್ ಕರೆಯುವುದರಲ್ಲಿ. ಹೆಗ್ಗಣದ ಹಿಂದೆ ಚರಂಡಿ ದಾಟಿತೆಂದರೆ ಸಂಜೆಗೇ ದರ್ಶನ. “ಬಾ” ಅಂದೆ, “ಬಾರಲೇ” ಅಂದೆ. ತೆಲುಗಿನ ಕೆಲಸದವರು “ರಾ, ರಾ” ಅಂದರು. ಮಡಕಶಿರಾದಲ್ಲಿ ಗುಮಾಸ್ತನಾಗಿರುವ ನನ್ನ ಹೆಂಡತಿಯ ತಮ್ಮ ಫೋನಿಗೆ ಒಂದು ವಿಡಿಯೋ ಕಳಿಸಿದ. ಅದರಲ್ಲಿ ಒಬ್ಬ ಫಾರಿನ್ನವನು ಬಿಸ್ಕತ್ತು ಹಿಡಿದು “ಕಮ್” ಅನ್ನುತ್ತಾನೆ, ನಾಯಿ ಬರುತ್ತದೆ. ನಾನೂ ಬಿಸ್ಕತ್ತು ಹಿಡಿದೆ, ನಾನೂ ಅಂದೆ. ನಾಯಿ ನನ್ನನ್ನು ನೋಡಿದ ರೀತಿಗೆ ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಾದರು.

ಗುಟ್ಟು ಬಿಟ್ಟುಕೊಟ್ಟವಳು ಬಸ್ ಸ್ಟ್ಯಾಂಡಿನ ಖಾನಾವಳಿಯಾಕೆ. ಒಂದು ಮಧ್ಯಾಹ್ನ ಕೆಲಸದವರಿಗೆ ಊಟದ ಡಬ್ಬಿ ತಂದು, ಬಾಗಿಲಲ್ಲಿ ನಿಂತು, “ಬರ್ರಿ, ಊಟಕ್ಕ ಬರ್ರಿ,” ಅಂತ ರಾಗ ಎಳೆದಳು. ಓಣಿಯ ಆ ತುದಿಯಲ್ಲಿದ್ದ ನಾಯಿ ಓಡಿ ಬಂದು ಅವಳ ಕಾಲ ಬುಡದಲ್ಲಿ ಕೂತಿತು.

“ನಮ್ಮ ಹಳೇ ಗಿರಾಕಿ ಐತ್ರಿ ಇದು,” ಅಂದಳು. “ಆರು ತಿಂಗಳು ನಮ್ಮ ಬಾಗಲದಾಗ ಉಂಡೈತಿ.”

“ಏನವ್ವ, ನಾಯಿಗೂ ಬರ್ರಿ ಅಂತಿದ್ದೇನು?”

“ಬಾಗಲಕ್ಕ ಬಂದ ಗಿರಾಕಿಗೆ ಬಾರಲೇ ಅಂದ್ರ ಯಾರ್ ಬರ್ತಾರ್ರಿ?”

ನನ್ನ ಬಾಯಲ್ಲಿ ರಿ ಸುಮ್ಮಸುಮ್ಮನೆ ಹೊರಡುವುದಿಲ್ಲ. ಅಂಥದ್ದರಲ್ಲಿ ನಾಯಿಗೆ ಹಚ್ಚುವುದೇ? ಮೂರು ದಿನ ಹಟ ಹಿಡಿದೆ. ಆ ಮಾತನ್ನು ಬಾಲದ ಕಡೆಯಿಂದ ಕತ್ತರಿಸಿ ನೋಡಿದೆ. “ಬರ್” ಅಂತ ನಿಲ್ಲಿಸಿದರೆ ನಾಯಿ ಅರ್ಧ ಎದ್ದು, ಉಳಿದದ್ದೂ ಬರಲಿ ಅಂತ ಕಾಯುತ್ತಿತ್ತು. ಕೊನೆಗೆ ಎಂಟೂ ಮಿಷನ್ನು ಓಡುವ ಹೊತ್ತು ನೋಡಿ, ಆ ಸದ್ದಿನ ಮರೆಯಲ್ಲಿ, ಬರ್ರಿ ಅಂದೆ. ಬಂತು. ದೂರ ಕಳಿಸಿ ಮತ್ತೆ ಅಂದೆ, ಮತ್ತೆ ಬಂತು. ಹುರುಪು ಬಂದು ದನಿ ಏರಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಶೆಡ್ಡಿನಲ್ಲಿ ಉಳಿದದ್ದು ನನ್ನ ಬರ್ರಿ ಒಂದೇ.

“ಮೇಸ್ತ್ರೀ,” ಅಂದಳು ಕಾಜಾ ಹಾಕುವಾಕೆ, “ಒಂಬತ್ತು ವರ್ಷ ಆತು, ನಮಗ ಒಂದಿನಾನೂ ಬರ್ರಿ ಅಂದಿಲ್ಲ ನೀವು.”

“ನೀ ಕರೀದನ ಬರ್ತೀಯಲ್ಲ.”

“ಹೌದ್ರಿ, ಪಗಾರ ಕರೀತೈತಿ.”

ಇದಕ್ಕಿಂತ ದೊಡ್ಡ ಪೇಚು ಮಡಕಶಿರಾದಲ್ಲಿ ಕಾದಿತ್ತು. ಹದಿನಾಲ್ಕು ವರ್ಷದ ಹಿಂದೆ ನನ್ನ ಮದುವೆಯಾದಾಗ ಹೆಂಡತಿಯ ತಮ್ಮ ಇನ್ನೂ ಓದುತ್ತಿದ್ದ. ಆಗಿನಿಂದ ಅವನಿಗೆ ನಾನು ಬಾರಲೇ ಅಂತಲೇ ಅನ್ನುವುದು. ಈಗ ಆಫೀಸಿನಲ್ಲಿ ಅವನಿಗೆ ಸಾರ್ ಅನ್ನುವವರಿದ್ದಾರೆ. ಭಾವನ ಬಾಯಲ್ಲೂ ಒಂದು ರಿ ಬಂದರೆ ಚೆಂದ ಅಂತ ಅವನಿಗೆ ಆಸೆ. ನೇರ ಕೇಳಲಾರ, ಅಕ್ಕನ ಕೈಲಿ ಹೇಳಿಸಿದ. “ಅಂಥಾದ್ದೇನ್ ಮಾಡ್ಯಾನ ಅವ?” ಅಂತ ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಅಂಥವನ ಹತ್ತಿರ ಫೋನಿನಲ್ಲಿ, ನಮ್ಮ ನಾಯಿ ಒಂದೇ ಕೂಗಿಗೆ ಬರುತ್ತದೆ ಅಂತ ಕೊಚ್ಚಿಕೊಂಡುಬಿಟ್ಟೆ. ಅಗಳಿ ಕಡೆಯ ಅವರ ಹಳ್ಳಿಯಲ್ಲಿ ಅವನದೊಂದು ರೇಷ್ಮೆ ಹುಳದ ಮನೆ ಇದೆ. ಹುಳ ಗೂಡು ಕಟ್ಟಲು ನಾಲ್ಕು ದಿನ ಇರುವಾಗ ಇಲಿ ಹೆಗ್ಗಣ ನುಗ್ಗಿದ್ದವು.

“ನಿಮ್ಮ ಸಿಪಾಯಿನ ಕರ್ಕಂಡ್ ಬನ್ನಿ ಭಾವ,” ಅಂದ. “ಒಂದೇ ಕೂಗಿಗೆ ಬತ್ತದೆ ಅಂತೀರಲ್ಲ, ನೋಡಾನ.”

ಒಂದೇ ಕೂಗು ಅಂದಿದ್ದೆ, ಯಾವ ಕೂಗು ಅಂದಿರಲಿಲ್ಲ. ನಾಯಿಯನ್ನು ಬಟ್ಟೆ ಸಾಗಿಸುವ ಗೂಡ್ಸ್ ಆಟೋದಲ್ಲಿ ಕೂರಿಸಿಕೊಂಡು ಹೋದೆ.

ಹುಳದ ಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆಯಲ್ಲಿ ನಾಯಿ ಒಂದು ಗಂಟೆಯೊಳಗೆ ಐದು ಕೆಡವಿತು. ಅಕ್ಕಪಕ್ಕದ ಹೊಲದವರು ಬಂದು ಗುಂಪಾಗಿ ನಿಂತರು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಆರನೆಯ ಹೆಗ್ಗಣ ಬಾಗಿಲಿನಿಂದ ಹೊರಗೆ ಹಾರಿತು. ನಾಯಿ ಅದರ ಹಿಂದೆ ಹಿಪ್ಪುನೇರಳೆ ಸಾಲು ದಾಟಿ ಪಕ್ಕದವರ ಬದುವಿಗೆ ಹೋಯಿತು.

“ಭಾವ, ಕರೀರಿ ಅದನ್ನ,” ಅಂದ ಅವನು, ದನಿ ಬದಲಾಗಿತ್ತು. “ಆ ಬದುವಿನ ಮ್ಯಾಲೆಲ್ಲ ಅನ್ನಕ್ಕೆ ಇಲಿ ಪಾಷಾಣ ಕಲಸಿ ಇಕ್ಕವ್ರೆ.”

ನಾಯಿ ಹೆಗ್ಗಣವನ್ನು ಆಗಲೇ ಬಿಟ್ಟಿತ್ತು. ಅನ್ನದ ವಾಸನೆಗೆ ಮೂಗು ನೆಲಕ್ಕೆ ಹಚ್ಚಿತ್ತು.

ಆಗ ನಾನು ಕರೆದದ್ದು “ಬಾ” ಅಂತ. ಆಮೇಲೆ “ಬಾರಲೇ” ಅಂತ. ಆ ಎರಡು ಮಾತಿಗೆ ಅದು ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಹತ್ತು ಜನ ಹಿಂದೆ ನಿಂತಿದ್ದರು, ಅದರಲ್ಲಿ ಅವನೂ ಇದ್ದ, ಅದಕ್ಕೆ ಹಾಗೆ ಕರೆದೆ. ನಾಯಿ ಒಂದು ಉಂಡೆಯನ್ನು ಬಾಯಿಗೆ ತೆಗೆದುಕೊಂಡಿತು.

“ಬರ್ರಿ,” ಅಂತ ಕೂಗಿದೆ. “ಊಟಕ್ಕ ಬರ್ರಿ.” ಖಾನಾವಳಿಯಾಕೆಯ ರಾಗದಲ್ಲೇ.

ಬಾಯಲ್ಲಿದ್ದದ್ದನ್ನು ಉದುರಿಸಿ ಓಡಿ ಬಂತು. ಗುಂಪು ಬಿದ್ದು ಬಿದ್ದು ನಕ್ಕಿತು. “ಹೆಣ್ ಕೊಟ್ಟ ಮಾವನ್ನ ಕರ್ದಂಗೆ ಕರೀತಾನಲ್ಲಪ್ಪ,” ಅಂದ ಒಬ್ಬ ಮುದುಕ.

ನಗದೇ ಇದ್ದವನು ನನ್ನ ಹೆಂಡತಿಯ ತಮ್ಮ ಒಬ್ಬನೇ. ಓಡಿ ಹೋಗಿ ಡ್ರಮ್ಮಿನಿಂದ ಬಿಂದಿಗೆ ತುಂಬಿ ತಂದ. ಇಸ್ತ್ರಿ ಪ್ಯಾಂಟಿನಲ್ಲೇ ಕೆಸರಿಗೆ ಮೊಣಕಾಲೂರಿದ. ನಾನು ದವಡೆ ಹಿಡಿದೆ, ಅವನು ನೀರು ಹೊಯ್ದು ಬೆರಳಿನಿಂದ ಹಲ್ಲಿನ ಸಂದಿಯ ಅಗುಳು ತೆಗೆದ.

“ಬಾಯ್ ತೆಗೀರಿ,” ಅಂದ ನಾಯಿಗೆ. “ಇನ್ನೊಂಚೂರ್ ತೆಗೀರಿ.”

ಅಣಕವೋ, ಗಾಬರಿಯೋ, ತಿಳಿಯಲಿಲ್ಲ. ಅವನು ತಲೆ ಎತ್ತಲಿಲ್ಲ.

ಬಿಸಿಲು ಇಳಿಯುವವರೆಗೆ ಇಬ್ಬರೂ ಬೇವಿನ ನೆರಳಲ್ಲಿ ನಾಯಿಯ ಹೊಟ್ಟೆ ನೋಡುತ್ತ ಕೂತೆವು. ಅದು ವಾಂತಿ ಮಾಡಲಿಲ್ಲ, ನಡುಗಲಿಲ್ಲ. ಸೊಪ್ಪಿನ ಕೋಣೆಯ ಬಾಗಿಲನ್ನೇ ನೋಡುತ್ತಿತ್ತು.

“ನಾನು ಹದಿನಾಲ್ಕು ವರ್ಷದಿಂದ ಕಾಯ್ತಾ ಇದೀನಿ ಭಾವ,” ಅಂದ. “ಇದು ಬಂದ ಆರ್ ವಾರಕ್ಕೇ ತಗಂತು.”

“ಅದು ಹೆಗ್ಗಣ ಹಿಡೀತೈತಲೇ.”

“ನಾನೂ ಹೆಗ್ಗಣದ ಮಧ್ಯೆನೇ ಕುಂತಿರೋದು ಆಫೀಸ್ನಾಗೆ. ಹಿಡಿಯೋ ಹಂಗಿಲ್ಲ, ಅಷ್ಟೆ.”

ಗಾಡಿ ಸ್ಟಾರ್ಟ್ ಮಾಡಿ, ಇನ್ನು ಯಾರ ಮುಂದೆ ಏನು ಮುಚ್ಚಿಡುವುದು ಅಂತ, ಬರ್ರಿ ಅಂದೆ. ನಾಯಿ ಹಾರಿ ಸೀಟಿನಲ್ಲಿ ಕೂತಿತು. ಅವನೂ ಎರಡು ಹೆಜ್ಜೆ ಮುಂದೆ ಬಂದಿದ್ದ. ನಿಂತ. “ನಂಗಲ್ಲ, ಬಿಡಿ,” ಅಂದ. ಮೊಣಕಾಲಿನ ಕೆಸರು ಇನ್ನೂ ಹಸಿಯಾಗಿತ್ತು.

“ಬರ್ತೀನಲೇ,” ಅಂದೆ. ಬೇರೆ ಅನ್ನಬೇಕು ಅಂತಲೇ ಬಾಯಿ ತೆರೆದಿದ್ದೆ. ಬಂದದ್ದು ಅದು.